ತುಟಿ ಅಲುಗದ ಮಂತ್ರ: ಕಥೆ, ಗೇಮ್‌ಗಳ ಮಾಂತ್ರಿಕರು ಮೌನಕ್ಕೆ ಕೊಡುವ ಬೆಲೆ

2025ರ ಜುಲೈನಲ್ಲಿ ಜಪಾನಿನ ಒಂದು ಅನಿಮೆ (ಅನಿಮೇಷನ್) ಸರಣಿ ಶುರುವಾಯಿತು. ಇಂಗ್ಲಿಷಿನಲ್ಲಿ ಅದಕ್ಕಿಟ್ಟ ಹೆಸರು ‘ಸೀಕ್ರೆಟ್ಸ್ ಆಫ್ ದಿ ಸೈಲೆಂಟ್ ವಿಚ್’. ಕಥಾನಾಯಕಿ ಮೋನಿಕಾ ಎವರೆಟ್ ತನ್ನ ರಾಜ್ಯದ ಏಳು ಮಂದಿ ಮಹಾಮಾಂತ್ರಿಕರಲ್ಲಿ ಒಬ್ಬಳು. ಅವಳಿಗೆ ವಿಪರೀತ ಸಂಕೋಚ. ನಾಲ್ಕು ಜನರೆದುರು ಬಾಯಿ ತೆರೆಯಲಾರಳು. ಬಾಯಿ ತೆರೆಯದೆ ಮಂತ್ರ ಹೇಳುವುದಾದರೂ ಹೇಗೆ? ಆ ಕಷ್ಟದಿಂದ ಪಾರಾಗಲೆಂದೇ ಅವಳು ಮಾತಿಲ್ಲದ ಮಂತ್ರವಿದ್ಯೆಯನ್ನು ರೂಢಿಸಿಕೊಂಡಳು. ಅವಳ ಲೋಕದಲ್ಲಿ ಅದು ಬೇರೆ ಯಾರಿಗೂ ಒಲಿಯದ ವಿದ್ಯೆ.

ಈಗ ಅನಿಮೆ ನೋಡುವ, ‘ಬಾಲ್ಡರ್ಸ್ ಗೇಟ್ 3’ರಂಥ ಗೇಮ್ ಆಡುವ, ಭಾನುವಾರ ಗೆಳೆಯರ ಮನೆಯಲ್ಲಿ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ದಾಳ ಉರುಳಿಸುವ ಹುಡುಗ ಹುಡುಗಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರ ಮಾತಿನ ನಡುವೆ ‘ಸೈಲೆಂಟ್ ಕಾಸ್ಟಿಂಗ್’, ‘ಸಟಲ್ ಸ್ಪೆಲ್’, ‘ನಾನ್‌ವರ್ಬಲ್’ ಎಂಬ ಪದಗಳು ಬಂದು ಹೋಗುತ್ತವೆ. ಹೊಸದಾಗಿ ಕೇಳುವವರಿಗೆ ಹುಟ್ಟುವ ಪ್ರಶ್ನೆ ಒಂದೇ: ಬಾಯಿ ಬಿಡದೆ ಮಂತ್ರ ಹಾಕಲು ಸಾಧ್ಯ ಎಂದಾದರೆ ಉಳಿದ ಮಾಂತ್ರಿಕರೆಲ್ಲ ಯಾಕೆ ಗಂಟಲು ಹರಿದುಕೊಳ್ಳುತ್ತಾರೆ?

ಈ ಪ್ರಶ್ನೆಗೆ ಎಲ್ಲ ಕಥೆಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ಉತ್ತರ ಹುಡುಕುವ ದಾರಿ ಒಂದೇ. ಆ ಲೋಕದಲ್ಲಿ ಮಂತ್ರದ ಮಾತು ಏನು ಕೆಲಸ ಮಾಡುತ್ತದೆ ಎಂದು ಮೊದಲು ನೋಡಬೇಕು. ಮಾತು ಮಾಡುತ್ತಿದ್ದ ಕೆಲಸವನ್ನು ಇನ್ಯಾವುದಾದರೂ ಹೊರಲೇಬೇಕು. ಮೌನಕ್ಕೆ ತೆರಬೇಕಾದ ಬೆಲೆ ಅದೇ.

## ಮಂತ್ರ ಬೇರೆ, ಮಂತ್ರದ ಮಾತು ಬೇರೆ

ಎರಡನ್ನೂ ನಾವು ‘ಮಂತ್ರ’ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಬಾಗಿಲು ತೆರೆಸುವುದು, ಬೆಂಕಿ ಹೊತ್ತಿಸುವುದು, ಎದುರಿನವನ ಮನಸ್ಸು ತಿರುಗಿಸುವುದು ಮಂತ್ರದಿಂದ ಆಗುವ ಕೆಲಸ. ಆ ಕೆಲಸ ಆಗಲೆಂದು ಮಾಂತ್ರಿಕ ಬಾಯಲ್ಲಿ ಉಚ್ಚರಿಸುವುದು ಮಂತ್ರದ ಮಾತು. ಮೌನಪ್ರಯೋಗ ಎಂದರೆ ಮಾತನ್ನು ಬಿಟ್ಟು ಕೆಲಸವನ್ನು ಮಾತ್ರ ಆಗಿಸುವುದು.

ಹಾಗೆಂದು ಕೆಲಸವೂ ಸದ್ದಿಲ್ಲದೆ ಆಗುತ್ತದೆ ಎಂದಲ್ಲ. ಮೌನವಾಗಿ ಎಸೆದ ಬೆಂಕಿಯುಂಡೆಯೂ ಸಿಡಿಯುವಾಗ ಸದ್ದು ಮಾಡುತ್ತದೆ. ಕೈಸನ್ನೆ, ಮಂತ್ರದಂಡ, ಪುಡಿ-ಬೇರುಗಳ ಸಾಮಗ್ರಿ ಇವೂ ಬೇರೆ ಬಾಬತ್ತು. ಮಾತು ಬಿಟ್ಟವನು ಕೈ ಆಡಿಸುವುದನ್ನೂ ಬಿಟ್ಟಿರಬೇಕು ಎಂದೇನಿಲ್ಲ. ಓದುವಾಗ, ಆಡುವಾಗ ಈ ಮೂರನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

## ಮಾತಿಗೆ ಏನು ಕೆಲಸ?

ಕೆಲವು ಕಥೆಗಳಲ್ಲಿ ಶಕ್ತಿ ಇರುವುದೇ ಮಾತಿನಲ್ಲಿ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಇದಕ್ಕೆ ಒಳ್ಳೆಯ ಉದಾಹರಣೆ. ಆ ದ್ವೀಪಲೋಕದಲ್ಲಿ ಪ್ರತಿ ವಸ್ತುವಿಗೂ, ಪ್ರತಿ ಜೀವಿಗೂ ಒಂದು ನಿಜನಾಮ ಇದೆ. ಆ ಹೆಸರು ಗೊತ್ತಿದ್ದವನಿಗೆ ಆ ವಸ್ತುವಿನ ಮೇಲೆ ಹಿಡಿತ ಸಿಗುತ್ತದೆ. ರೋಕ್ ದ್ವೀಪದ ಮಂತ್ರಶಾಲೆಯ ವಿದ್ಯಾರ್ಥಿಗಳು ಒಂಟಿ ಗೋಪುರವೊಂದರಲ್ಲಿ ಕುಳಿತು ಪಟ್ಟಿಗಟ್ಟಲೆ ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ. ಇಂಥ ಲೋಕದಲ್ಲಿ ಮಾತನ್ನು ತೆಗೆದರೆ ಮಂತ್ರವೇ ಉಳಿಯುವುದಿಲ್ಲ. ಅಲ್ಲಿನ ಹಿರಿಯ ಮಾಂತ್ರಿಕ ಓಗಿಯನ್‌ನನ್ನು ಜನ ಮೌನಿ ಎಂದು ಕರೆಯುತ್ತಾರೆ. ಗುಟ್ಟಾಗಿ ಮಂತ್ರ ಹಾಕುತ್ತಾನೆ ಎಂಬ ಕಾರಣಕ್ಕೆ ಬಂದ ಹೆಸರಲ್ಲ ಅದು. ಮಾತಿಗೆ ಎಷ್ಟು ತೂಕ ಎಂದು ಬಲ್ಲವನು ಅವನು, ಅದಕ್ಕೇ ಮಾತು ಕಡಿಮೆ.

ಇನ್ನು ಕೆಲವು ಕಥೆಗಳಲ್ಲಿ ಶಕ್ತಿ ಮಾಂತ್ರಿಕನ ಒಳಗಿರುತ್ತದೆ, ಮಾತು ಅದಕ್ಕೆ ಊರೆಗೋಲು. ಮೂವತ್ತೇಳನ್ನು ನಲವತ್ತಾರರಿಂದ ಗುಣಿಸಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಕಾಗದ-ಪೆನ್ನು ಹುಡುಕುತ್ತೇವೆ. ದಶಕ ಎಷ್ಟು ಬಂತು, ಮುಂದಿನ ಸಾಲಿಗೆ ಒಯ್ದದ್ದು ಎಷ್ಟು ಎಂಬುದನ್ನೆಲ್ಲ ಕಾಗದ ನೆನಪಿಟ್ಟುಕೊಳ್ಳುತ್ತದೆ, ನಾವು ಒಂದೊಂದೇ ಹೆಜ್ಜೆ ಇಟ್ಟರಾಯಿತು. ಕೆಲವರು ಮಾತ್ರ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಗುಣಿಸಿ ಉತ್ತರ ಹೇಳಿಬಿಡುತ್ತಾರೆ. ಲೆಕ್ಕ ಅದೇ, ಉತ್ತರವೂ ಅದೇ. ಕಾಗದ ಹೊರುತ್ತಿದ್ದ ಭಾರವನ್ನು ಮಾತ್ರ ಈಗ ತಲೆ ಹೊರುತ್ತದೆ. ನಡುವೆ ಯಾರೋ ಕರೆದರೆ ಒಯ್ದ ಸಂಖ್ಯೆ ಮರೆತು ಎಲ್ಲ ಎಡವಟ್ಟಾಗುತ್ತದೆ. ಈ ಬಗೆಯ ಕಥೆಗಳಲ್ಲಿ ಮೌನಪ್ರಯೋಗ ಕಷ್ಟವಾಗುವುದು ಇದೇ ಕಾರಣಕ್ಕೆ.

ಜಪಾನಿನ ‘ಮುಶೋಕು ಟೆನ್ಸೇ’ ಕಥೆಯಲ್ಲಿ ಇದು ಬಹಳ ಸ್ಪಷ್ಟವಾಗಿ ಬಂದಿದೆ. 2012ರಲ್ಲಿ ಅಂತರ್ಜಾಲದಲ್ಲಿ ಕಾದಂಬರಿಯಾಗಿ ಶುರುವಾಗಿ 2021ರಲ್ಲಿ ಅನಿಮೆಯಾದ ಕಥೆ ಅದು. ಪುಟ್ಟ ಮಗು ರೂಡಿಯಸ್ ಮನೆಯಲ್ಲಿದ್ದ ಪುಸ್ತಕ ನೋಡಿಕೊಂಡು ನೀರಿನ ಉಂಡೆ ಬರಿಸುವ ಮಂತ್ರ ಹೇಳುತ್ತಾನೆ. ಆಮೇಲೆ ಅದೇ ಕೆಲಸವನ್ನು ಮಾತಿಲ್ಲದೆ ಮಾಡಲು ಹೊರಟಾಗ ಅವನಿಗೆ ಒಂದು ವಿಷಯ ಹೊಳೆಯುತ್ತದೆ. ನೀರನ್ನು ಹುಟ್ಟಿಸುವುದು, ಗಾತ್ರ ಗೊತ್ತುಮಾಡುವುದು, ಎಸೆಯುವ ವೇಗ ಗೊತ್ತುಮಾಡುವುದು, ಕೊನೆಗೆ ಬಿಡುವುದು: ಮಂತ್ರದ ಮಾತು ಇಷ್ಟನ್ನೂ ತಾನಾಗಿಯೇ ಮುಗಿಸುತ್ತಿತ್ತು. ಮಾತು ಬಿಟ್ಟರೆ ಪ್ರತಿ ಹಂತವನ್ನೂ ಅವನೇ ನಿಭಾಯಿಸಬೇಕು. ಅದರಿಂದ ಒಂದು ಲಾಭವೂ ಇದೆ. ಮಾತು ಹೇಳಿದಾಗ ಬರುವುದು ಸಿದ್ಧ ಅಳತೆಯ ಉಂಡೆ, ಹೇಳದಿದ್ದಾಗ ಗಾತ್ರವನ್ನೂ ವೇಗವನ್ನೂ ಬೇಕಾದ ಹಾಗೆ ಹಿಗ್ಗಿಸಬಹುದು, ಕುಗ್ಗಿಸಬಹುದು.

ಕ್ರಿಸ್ಟೋಫರ್ ಪಾವೊಲಿನಿ ಅವರ ‘ಇನ್‌ಹೆರಿಟನ್ಸ್’ ಸರಣಿ ಇದೇ ಮಾತನ್ನು ಅಪಾಯದ ಕಡೆಯಿಂದ ಹೇಳುತ್ತದೆ. ಅಲ್ಲಿ ಮಂತ್ರಕ್ಕೊಂದು ಪ್ರಾಚೀನ ಭಾಷೆ ಇದೆ. ಅದನ್ನು ಬಳಸದೆಯೂ ಮಂತ್ರ ಹಾಕಬಹುದು. ಆದರೆ ಹಾಕುವ ಹೊತ್ತಿಗೆ ಮನಸ್ಸು ಒಂದು ಕ್ಷಣ ಅತ್ತಿತ್ತ ಹರಿದರೆ ಮಂತ್ರವೂ ಅದರ ಹಿಂದೆಯೇ ಹರಿಯುತ್ತದೆ. ಬೆಂಕಿ ಹೊತ್ತಿಸಬೇಕೆಂದು ಹೊರಟವನಿಗೆ ಬೇರೇನೋ ನೆನಪಾದರೆ ಏನಾಗುತ್ತದೋ ಹೇಳಲಾಗದು. ಮಾತು ಅಲ್ಲಿ ಮನಸ್ಸಿಗೆ ಹಾಕಿದ ಕಡಿವಾಣ. 2011ರಲ್ಲಿ ಬಂದ ಕೊನೆಯ ಪುಸ್ತಕದ ಅಂತ್ಯ ನಿಂತಿರುವುದೂ ಈ ನಿಯಮದ ಮೇಲೆಯೇ (ಓದಬೇಕೆಂದಿರುವವರು ಈ ಪ್ಯಾರಾದ ಉಳಿದ ಭಾಗ ಬಿಟ್ಟು ಮುಂದೆ ಹೋಗಿ). ದುಷ್ಟ ದೊರೆ ಗಾಲ್ಬಟೋರಿಕ್ಸ್‌ಗೆ ಆ ಪ್ರಾಚೀನ ಭಾಷೆಯ ಮೇಲೆಯೇ ಅಧಿಕಾರ ಸಿಕ್ಕಿಬಿಟ್ಟಿರುತ್ತದೆ. ಯಾರು ಯಾವ ಮಂತ್ರ ನುಡಿದರೂ ಅವನು ತಡೆಯಬಲ್ಲ. ಕಥಾನಾಯಕ ಎರಗಾನ್ ಅವನನ್ನು ಸೋಲಿಸುವುದು ನುಡಿಯೇ ಇಲ್ಲದ ಒಂದು ಮಂತ್ರದಿಂದ. ಆರಂಭದಲ್ಲಿ ಅಪಾಯ ಎಂದು ಎಚ್ಚರಿಸಿದ್ದನ್ನೇ ಕೊನೆಗೆ ಏಕೈಕ ದಾರಿಯಾಗಿಸಿದ ಈ ಕಟ್ಟಡ ನನಗೆ ಬಹಳ ಇಷ್ಟ.

ಮಾತಿನ ಮೂರನೆಯ ಕೆಲಸ ಕೇಳುವವರಿಗೆ ಸಂಬಂಧಿಸಿದ್ದು. ಮಾತು ಎದುರಾಳಿಗೆ ಸಿಗುವ ಮುನ್ಸೂಚನೆ. ಮಾಂತ್ರಿಕ ಬಾಯಿ ತೆರೆದ ಕೂಡಲೇ ಏನೋ ಬರುತ್ತಿದೆ ಎಂದು ಎದುರಿನವರಿಗೆ ತಿಳಿಯುತ್ತದೆ, ತಪ್ಪಿಸಿಕೊಳ್ಳಲು ಅರೆಕ್ಷಣ ಸಿಗುತ್ತದೆ. ಕಥೆಗಳಿಗಿಂತ ಆಟಗಳಲ್ಲಿ ಇದರ ಮಹತ್ವ ಹೆಚ್ಚು.

## ಹಾಗ್ವರ್ಟ್ಸ್‌ನಲ್ಲಿ ಆರನೇ ವರ್ಷದ ಪಾಠ

ಹಾಗ್ವರ್ಟ್ಸ್ ಎಂಬ ಮಂತ್ರಶಾಲೆಯಲ್ಲಿ ನಡೆಯುವ ಹ್ಯಾರಿ ಪಾಟರ್ ಕಥೆಗಳಲ್ಲಿ ಎರಡನೆಯ, ಮೂರನೆಯ ಕೆಲಸಗಳೆರಡೂ ಕಾಣುತ್ತವೆ. ಮೊದಲ ವರ್ಷದ ತರಗತಿಯಲ್ಲಿ ಗರಿ ತೇಲಿಸುವ ಪಾಠ ನಡೆಯುವಾಗ ಒಂದು ಅಕ್ಷರವನ್ನು ಎಳೆದು ಹೇಳಲಿಲ್ಲ ಎಂದು ಹ್ಯಾರಿಯ ಗೆಳತಿ ಹರ್ಮಯೊನಿ ಇನ್ನೊಬ್ಬ ಗೆಳೆಯ ರಾನ್‌ನನ್ನು ತಿದ್ದುತ್ತಾಳೆ. ಅಂದರೆ ಕಲಿಯುವ ಹಂತದಲ್ಲಿ ಉಚ್ಚಾರ ತಪ್ಪುವಂತಿಲ್ಲ. 2005ರಲ್ಲಿ ಬಂದ ಆರನೆಯ ಪುಸ್ತಕದಲ್ಲಿ ಅದೇ ಮಕ್ಕಳಿಗೆ ಉಚ್ಚಾರವನ್ನೇ ಬಿಡುವ ಪಾಠ. ಅದರ ಲಾಭ ಏನು ಎಂದು ಅಧ್ಯಾಪಕ ಸ್ನೇಪ್ ಕೇಳಿದಾಗ ಹರ್ಮಯೊನಿ ಹೀಗೆ ಉತ್ತರಿಸುತ್ತಾಳೆ: ಯಾವ ಮಂತ್ರ ಬರುತ್ತಿದೆ ಎಂದು ಎದುರಾಳಿಗೆ ಗೊತ್ತಾಗುವುದಿಲ್ಲ, ಆ ಅರೆಕ್ಷಣದ ಮೇಲುಗೈ ನಿಮ್ಮದು.

ಆ ತರಗತಿಯ ವಿವರಗಳನ್ನು ಗಮನಿಸಬೇಕು. ಮಕ್ಕಳು ಇಬ್ಬಿಬ್ಬರಾಗಿ ನಿಲ್ಲುತ್ತಾರೆ. ಒಬ್ಬರು ಮೌನವಾಗಿ ಮಂತ್ರ ಎಸೆಯಬೇಕು, ಇನ್ನೊಬ್ಬರು ಮೌನವಾಗಿಯೇ ತಡೆಯಬೇಕು. ಹಲವರು ತುಟಿಯೊಳಗೇ ಗುಣುಗುಟ್ಟಿ ಮೋಸ ಮಾಡುತ್ತಾರೆ. ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಸಹಪಾಠಿ ನೆವಿಲ್ ಗುಣುಗಿದ ಮಂತ್ರವನ್ನು ಹರ್ಮಯೊನಿ ತುಟಿ ಪಿಟಿಕ್ಕೆನ್ನದೆ ಹಿಮ್ಮೆಟ್ಟಿಸುತ್ತಾಳೆ. ಹ್ಯಾರಿಗೆ ಇದು ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ. ಆದರೂ ಹಳೆಯ ಪಠ್ಯಪುಸ್ತಕವೊಂದರ ಅಂಚಿನಲ್ಲಿ ಯಾರೋ ಗೀಚಿಟ್ಟಿದ್ದ ‘ಲೆವಿಕಾರ್ಪಸ್’ ಎಂಬ ಮೌನಮಂತ್ರವನ್ನು ಅವನು ಮನಸ್ಸಿನಲ್ಲೇ ಅಂದುಕೊಂಡಾಗ, ಮಲಗಿದ್ದ ರಾನ್ ಕಾಲು ಮೇಲಾಗಿ ಗಾಳಿಯಲ್ಲಿ ನೇತಾಡುತ್ತಾನೆ.

ಇಲ್ಲೊಂದು ಸೂಕ್ಷ್ಮ ಇದೆ. ಹ್ಯಾರಿ ಮಾತನ್ನು ಬಿಟ್ಟಿಲ್ಲ, ಅದನ್ನು ಮನಸ್ಸಿಗೆ ಇಳಿಸಿಕೊಂಡಿದ್ದಾನೆ. ಮೌನಪ್ರಯೋಗದಲ್ಲಿ ಎರಡು ಬಗೆ ಇರುವುದು ಇದರಿಂದ ತಿಳಿಯುತ್ತದೆ. ಒಂದರಲ್ಲಿ ಮಾತು ಒಳಗೆ ಇದ್ದೇ ಇರುತ್ತದೆ, ಹೊರಗೆ ಕೇಳಿಸುವುದಿಲ್ಲ ಅಷ್ಟೆ. ಇನ್ನೊಂದರಲ್ಲಿ ಮಾತು ಒಳಗೂ ಇಲ್ಲ, ಬರೀ ಸಂಕಲ್ಪ. ಹಾಗ್ವರ್ಟ್ಸ್ ಮಕ್ಕಳು ಕಲಿಯುವುದು ಮೊದಲನೆಯದನ್ನು, ಎರಗಾನ್ ಕೊನೆಗೆ ಬಳಸುವುದು ಎರಡನೆಯದನ್ನು.

ಮೌನದಿಂದ ಮಂತ್ರದ ಬಲ ಕುಗ್ಗುತ್ತದೆಯೇ? 2003ರ ಐದನೆಯ ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರ ಸಿಗುತ್ತದೆ. ಮಾಂತ್ರಿಕರ ಸರ್ಕಾರದ ಸಚಿವಾಲಯದಲ್ಲಿ ನಡೆಯುವ ಕಾಳಗದಲ್ಲಿ ಹರ್ಮಯೊನಿ ಡೊಲೊಹೊವ್ ಎಂಬ ಶತ್ರುವಿನ ಬಾಯಿ ಕಟ್ಟುವ ಮಂತ್ರ ಹಾಕುತ್ತಾಳೆ. ಅವನ ದನಿ ನಿಂತುಹೋಗುತ್ತದೆ. ಆದರೂ ಅವನು ಮಂತ್ರದಂಡವನ್ನು ಅಡ್ಡಕ್ಕೆ ಬೀಸುತ್ತಾನೆ. ನೇರಳೆ ಬಣ್ಣದ ಜ್ವಾಲೆಯೊಂದು ಹರ್ಮಯೊನಿಯ ಎದೆಗೆ ತಾಗಿ ಅವಳು ಕುಸಿಯುತ್ತಾಳೆ. ಅವನು ಮಾತನ್ನು ಗಟ್ಟಿಯಾಗಿ ಹೇಳಲಾಗಿದ್ದರೆ ಏಟು ಇನ್ನೂ ಜೋರಾಗುತ್ತಿತ್ತು ಎಂದು ಪುಸ್ತಕವೇ ಆಮೇಲೆ ತಿಳಿಸುತ್ತದೆ. ದನಿ ಹೋದದ್ದರಿಂದ ಮಂತ್ರ ನಿಲ್ಲಲಿಲ್ಲ, ಬಲ ಮಾತ್ರ ಕುಗ್ಗಿತು. ಹರ್ಮಯೊನಿ ಬದುಕಿ ಉಳಿಯುವುದು ಆ ವ್ಯತ್ಯಾಸದಿಂದ.

## ಮೌನವೇ ಮೇಲು ಎನ್ನುವ ಲೆಕ್ಕ

ಮೇಲಿನ ಕಥೆಗಳೆಲ್ಲ ಮೌನವನ್ನು ಕಷ್ಟದ್ದು, ಇಲ್ಲವೇ ಬಲ ಕಡಿಮೆಯಾದದ್ದು ಎಂದು ಎಣಿಸುತ್ತವೆ. ನಮ್ಮ ಕಡೆ ಬೆಳೆದವರಿಗೆ ಇದು ತುಸು ವಿಚಿತ್ರವಾಗಿ ತೋರಬಹುದು. ಏಕೆಂದರೆ ಜಪದ ವಿಷಯದಲ್ಲಿ ಇಲ್ಲಿಯ ಲೆಕ್ಕ ಪೂರ್ತಿ ತಿರುಗುಮುರುಗು.

ಜಪದಲ್ಲಿ ಮೂರು ಬಗೆ ಹೇಳುತ್ತಾರೆ. ಎಲ್ಲರಿಗೂ ಕೇಳುವಂತೆ ಹೇಳಿದರೆ ವಾಚಿಕ. ತುಟಿ ಅಲುಗಿದರೂ ಪಕ್ಕದವರಿಗೆ ಕೇಳದಂತಿದ್ದರೆ ಉಪಾಂಶು. ತುಟಿಯೂ ಅಲುಗದೆ ಮನಸ್ಸಿನಲ್ಲೇ ನಡೆದರೆ ಮಾನಸ. ಮನುಸ್ಮೃತಿಯ ಎರಡನೆಯ ಅಧ್ಯಾಯದ ಶ್ಲೋಕವೊಂದು ವಿಧಿಪೂರ್ವಕ ಯಜ್ಞಕ್ಕಿಂತ ಜಪಯಜ್ಞ ಹತ್ತು ಪಟ್ಟು, ಉಪಾಂಶು ನೂರು ಪಟ್ಟು, ಮಾನಸ ಸಾವಿರ ಪಟ್ಟು ಮೇಲು ಎನ್ನುತ್ತದೆ. ಜಪ ಎಂಬುದು ಕಥೆಯ ಮಾಟಮಂತ್ರ ಅಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಕಾರಣ ತಿಳಿಯುವುದು ಉಪಯುಕ್ತ. ಜಪದಲ್ಲಿ ಎದುರಾಳಿ ಇಲ್ಲ, ಹೊರಗಿನ ವಸ್ತುವನ್ನು ಅಲುಗಿಸುವ ಗುರಿಯೂ ಇಲ್ಲ. ಮನಸ್ಸು ಒಂದೆಡೆ ನಿಲ್ಲುವುದೇ ಅಲ್ಲಿ ಸಾಧನೆ. ಆದ್ದರಿಂದ ಊರೆಗೋಲಿಲ್ಲದೆ ನಿಂತ ಮನಸ್ಸಿಗೆ ಹೆಚ್ಚಿನ ಫಲ. ಪಾವೊಲಿನಿ ಅಪಾಯ ಎಂದದ್ದನ್ನೇ ಇಲ್ಲಿ ಸಿದ್ಧಿ ಎಂದಿದ್ದಾರೆ. ಎರಡು ಕಡೆಯೂ ಕೇಳುತ್ತಿರುವುದು ಒಂದೇ: ಮಾತಿಲ್ಲದೆ ಮನಸ್ಸು ನಿಲ್ಲಬಲ್ಲದೇ?

ಮಹಾಭಾರತದ ಕರ್ಣನ ಪ್ರಸಂಗವೂ ಈ ಪ್ರಶ್ನೆಯ ಪಕ್ಕದಲ್ಲೇ ನಿಲ್ಲುತ್ತದೆ. ಕಡುಕಷ್ಟದ ಹೊತ್ತಿನಲ್ಲಿ ಅಸ್ತ್ರದ ಮಂತ್ರ ನೆನಪಿಗೆ ಬಾರದಿರಲಿ ಎಂದು ಪರಶುರಾಮ ಕೊಟ್ಟ ಶಾಪ ಅವನ ಬಾಯಿ ಕಟ್ಟಲಿಲ್ಲ, ಮನಸ್ಸಿನಿಂದ ಮಂತ್ರವನ್ನು ಅಳಿಸಿತು. ಬಾಯಿ ಕಟ್ಟಿದ್ದರೆ ಮಾನಸವಾಗಿಯಾದರೂ ಹೇಳಿಕೊಳ್ಳಬಹುದಿತ್ತೇನೋ. ಮರೆವಿಗೆ ಅಂಥ ಪರ್ಯಾಯ ಇಲ್ಲ.

ಪ್ರಾಚೀನ ರೋಮನ್ ಲೋಕದಲ್ಲಿ ಮತ್ತೊಂದು ಬಗೆ. ಅಲ್ಲಿ ದೇವರ ಮುಂದೆ ಗಟ್ಟಿಯಾಗಿ ಬೇಡಿಕೊಳ್ಳುವುದು ವಾಡಿಕೆ, ಸದ್ದಿಲ್ಲದೆ ಬೇಡುವವರ ಮೇಲೆ ಅನುಮಾನ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಲೇಖಕ ಅಪುಲಿಯಸ್ ಮೇಲೆ ಶ್ರೀಮಂತ ವಿಧವೆಯೊಬ್ಬಳನ್ನು ಮಾಟದಿಂದ ಮರುಳುಗೊಳಿಸಿ ಮದುವೆಯಾದ ಎಂಬ ಆರೋಪ ಬಂತು. ಈಗಿನ ಲಿಬಿಯಾದಲ್ಲಿರುವ ಸಬ್ರತಾ ಪಟ್ಟಣದಲ್ಲಿ ವಿಚಾರಣೆ ನಡೆಯಿತು. ತನ್ನ ಸಮರ್ಥನೆಯಲ್ಲಿ ಅವನು, ಹೀಗೆಯೇ ಹೋದರೆ ಗುಡಿಯಲ್ಲಿ ಮೌನವಾಗಿ ಪ್ರಾರ್ಥಿಸಿದವನೂ ಮಾಟಗಾರನೇ ಆಗಿಬಿಡುತ್ತಾನೆ ಎಂಬ ವಾದ ಹೂಡಿದ. ಗಟ್ಟಿಯಾಗಿ ಹೇಳದವನು ಕೆಟ್ಟದ್ದನ್ನೇ ಬಯಸುತ್ತಿರಬೇಕು ಎಂಬ ಆ ಕಾಲದ ಗುಮಾನಿ ಇದರ ಹಿಂದಿದೆ. ಇವತ್ತಿನ ಆಟಗಳಲ್ಲೂ ಮೌನಮಂತ್ರದ ಬಗ್ಗೆ ಇರುವ ದೊಡ್ಡ ಅಂಜಿಕೆ ಇದೇ.

## ದಾಳದ ಆಟದಲ್ಲಿ ಮೌನಕ್ಕೊಂದು ದರ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಗೆಲುವು ಸೋಲನ್ನು ದಾಳ ಹೇಳುತ್ತದೆ.

ಕಾದಂಬರಿಕಾರರಿಗೆ ನಿಯಮವನ್ನು ಮಸುಕಾಗಿ ಬಿಡುವ ಸ್ವಾತಂತ್ರ್ಯ ಇದೆ. ಐದು ಜನ ಕೂತು ಆಡುವ ಆಟಕ್ಕೆ ಅದಿಲ್ಲ. ಹಾಗಾಗಿ ಇಲ್ಲಿ ಪ್ರತಿ ಮಂತ್ರದ ಹೆಸರಿನ ಕೆಳಗೆ ಏನೇನು ಬೇಕೆಂದು ಅಕ್ಷರಗಳಲ್ಲಿ ಬರೆದಿರುತ್ತದೆ. ‘ವಿ’ ಎಂದಿದ್ದರೆ ಮಾತು ಬೇಕು, ‘ಎಸ್’ ಎಂದಿದ್ದರೆ ಕೈಸನ್ನೆ ಬೇಕು, ‘ಎಂ’ ಎಂದಿದ್ದರೆ ಸಾಮಗ್ರಿ ಬೇಕು. ಬೆಂಕಿಯುಂಡೆಗೆ ಮೂರೂ ಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಿಸುವ ‘ಮಿಸ್ಟಿ ಸ್ಟೆಪ್’ಗೆ ಮಾತು ಮಾತ್ರ ಸಾಕು. ಆದ್ದರಿಂದ ಕೈ ಕಟ್ಟಿಹಾಕಿದರೂ ಮಾಂತ್ರಿಕ ಅದನ್ನು ಬಳಸಿ ಪಾರಾಗಬಲ್ಲ, ಬಾಯಿಗೆ ಬಟ್ಟೆ ತುರುಕಿದರೆ ಆಗದು. ಎದುರಾಳಿಯ ಮಂತ್ರವನ್ನು ಮುರಿಯುವ ‘ಕೌಂಟರ್‌ಸ್ಪೆಲ್’ಗೆ ಕೈಸನ್ನೆ ಮಾತ್ರ ಬೇಕು, ಅದು ಹುಟ್ಟಿನಿಂದಲೇ ಮೌನಮಂತ್ರ. ಮನೆಯ ಹುಡುಗರು ಆಡುವಾಗ ಹೆಚ್ಚು ಜಗಳ ಏಳುವುದು ಈ ಅಕ್ಷರಗಳನ್ನು ಯಾರೂ ಓದದೆ ಇರುವುದರಿಂದಲೇ.

ಪಿಸುಮಾತಿನಲ್ಲಿ ಹೇಳಿ ಮುಗಿಸಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಆಗದು. 2014ರ ಐದನೆಯ ಆವೃತ್ತಿಯ ಪ್ರಕಾರ ಮಂತ್ರದ ಶಕ್ತಿ ಪದಗಳ ಅರ್ಥದಲ್ಲಿಲ್ಲ, ಅವು ಹುಟ್ಟಿಸುವ ನಾದದ ಏರಿಳಿತದಲ್ಲಿದೆ. 2024ರ ಪರಿಷ್ಕೃತ ನಿಯಮಪುಸ್ತಕ ಇನ್ನೂ ಬಿಡಿಸಿ, ಸಾಮಾನ್ಯ ಮಾತಿನ ದನಿಯಲ್ಲೇ ಹೇಳಬೇಕು ಎನ್ನುತ್ತದೆ. ‘ಸೈಲೆನ್ಸ್’ ಎಂಬ ಮಂತ್ರಕ್ಕೆ ಇಷ್ಟು ಬೆಲೆ ಬಂದಿರುವುದು ಇದರಿಂದಲೇ. ಅದು 20 ಅಡಿ ತ್ರಿಜ್ಯದ ಗೋಳವೊಂದನ್ನು ಹತ್ತು ನಿಮಿಷದವರೆಗೆ ಪೂರ್ತಿ ನಿಶ್ಶಬ್ದ ಮಾಡುತ್ತದೆ. ಅದರೊಳಗೆ ಸಿಕ್ಕಿಬಿದ್ದ ಮಾಂತ್ರಿಕ ‘ವಿ’ ಇರುವ ಯಾವ ಮಂತ್ರವನ್ನೂ ಹಾಕಲಾರ.

ಹಾಗಾದರೆ ಮಾತು ಬಿಡಬೇಕೆಂದವರು ಏನು ತೆರಬೇಕು? ದರ ಕಾಲಕ್ಕೆ ತಕ್ಕಂತೆ ಬದಲಾಗಿದೆ. 2000ದ ಮೂರನೆಯ ಆವೃತ್ತಿಯಲ್ಲಿ ‘ಸೈಲೆಂಟ್ ಸ್ಪೆಲ್’ ಎಂಬ ವಿಶೇಷ ಕಲಿಕೆ ಇತ್ತು. ಅದನ್ನು ಬಳಸಿದರೆ ಮಂತ್ರ ಒಂದು ಮೆಟ್ಟಿಲು ದುಬಾರಿಯಾಗುತ್ತಿತ್ತು. ಮೂರನೆಯ ಮಟ್ಟದ ಬೆಂಕಿಯುಂಡೆಗೆ ದಿನಕ್ಕೆ ಇಷ್ಟೇ ಎಂದು ಸಿಗುವ ನಾಲ್ಕನೆಯ ಮಟ್ಟದ ಅವಕಾಶಗಳಲ್ಲಿ ಒಂದನ್ನು ಖರ್ಚು ಮಾಡಬೇಕು. ಅದೂ ಗ್ರಂಥ ಓದಿ ಕಲಿತ ವಿಝರ್ಡ್ ಆದರೆ ದಿನದ ಮಂತ್ರಗಳನ್ನು ಸಿದ್ಧಪಡಿಸಿಕೊಳ್ಳುವ ಹೊತ್ತಿಗೇ ಇದು ಮೌನದ್ದು ಎಂದು ಗೊತ್ತುಮಾಡಿರಬೇಕು. ಹಾಡಿನಿಂದ ಮಂತ್ರ ಹುಟ್ಟಿಸುವ ಬಾರ್ಡ್ ಪಾತ್ರಕ್ಕೆ ಈ ಸೌಲಭ್ಯವೇ ಇರಲಿಲ್ಲ.

2014ರ ಐದನೆಯ ಆವೃತ್ತಿಯಲ್ಲಿ ಆ ಹಕ್ಕು ಮುಖ್ಯವಾಗಿ ಸಾರ್ಸರರ್‌ಗೆ, ಅಂದರೆ ಹುಟ್ಟಿನಿಂದ ಶಕ್ತಿ ಪಡೆದ ಮಾಂತ್ರಿಕನಿಗೆ ಹೋಯಿತು. ಹೆಸರು ‘ಸಟಲ್ ಸ್ಪೆಲ್’. ಒಂದು ಸಾರ್ಸರಿ ಪಾಯಿಂಟ್ (ಈ ಪಾತ್ರಕ್ಕೆ ಖರ್ಚು ಮಾಡಲು ಸಿಗುವ ಅಂಕ) ಕೊಟ್ಟರೆ ಮಾತು, ಕೈಸನ್ನೆ ಎರಡೂ ಬೇಡ. ಹಿಂದಿನದಕ್ಕೆ ಹೋಲಿಸಿದರೆ ಅಗ್ಗ ಅನ್ನಿಸುತ್ತದೆ. ಆದರೆ ಮೂರನೆಯ ಹಂತದ ಸಾರ್ಸರರ್ ಬಳಿ ಇರುವುದೇ ಮೂರು ಪಾಯಿಂಟ್, ದೀರ್ಘ ವಿಶ್ರಾಂತಿಯಾಗುವವರೆಗೆ ಅಷ್ಟರಲ್ಲೇ ಸುಧಾರಿಸಬೇಕು. ಜೊತೆಗೆ ಮಂತ್ರವನ್ನು ಹೀಗೆ ಮಾರ್ಪಡಿಸುವ ಎಂಟು ಆಯ್ಕೆಗಳಲ್ಲಿ ಆ ಹಂತಕ್ಕೆ ಸಿಗುವುದು ಎರಡೇ. ಮೌನವನ್ನು ಆರಿಸಿಕೊಂಡವನು ಇನ್ನಾವುದನ್ನೋ ಬಿಟ್ಟಿರುತ್ತಾನೆ.

## ಒಂದು ದರ್ಬಾರು, ಒಂದು ಮಂತ್ರ

ನಿಯಮ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡೋಣ. 2014ರ ನಿಯಮದಂತೆ ಆಡುತ್ತಿದ್ದೇವೆ ಎಂದುಕೊಳ್ಳಿ. ದರ್ಬಾರಿನಲ್ಲಿ ಮಂತ್ರಿ ಕೂತಿದ್ದಾನೆ. ಪಕ್ಕದಲ್ಲಿ ಕಾವಲುಗಾರರು, ಅವರ ಹಿಂದೆ ಅರಮನೆಯ ವಿಝರ್ಡ್. ನಿಮ್ಮ ಸಾರ್ಸರರ್ 30 ಅಡಿಯೊಳಗೆ ನಿಂತು ಮಂತ್ರಿಯ ಮೇಲೆ ‘ಚಾರ್ಮ್ ಪರ್ಸನ್’ ಹಾಕಬೇಕು. ಅದು ಫಲಿಸಿದರೆ ಮಂತ್ರಿ ಒಂದು ಗಂಟೆ ಕಾಲ ನಿಮ್ಮನ್ನು ಪರಿಚಯದ ಸ್ನೇಹಿತನಂತೆ ಕಾಣುತ್ತಾನೆ. ಅದಕ್ಕೆ ಬೇಕಾದದ್ದು ಮಾತು ಮತ್ತು ಕೈಸನ್ನೆ, ಸಾಮಗ್ರಿ ಬೇಡ.

ಮಾಮೂಲಿಯಾಗಿ ಹಾಕಿದರೆ ತುಂಬಿದ ಸಭೆಯಲ್ಲಿ ನೀವು ಮಂತ್ರ ಪಠಿಸಿ ಕೈ ಆಡಿಸಿದ್ದು ಎಲ್ಲರಿಗೂ ಕಾಣುತ್ತದೆ. 60 ಅಡಿಯೊಳಗಿರುವ ಅರಮನೆಯ ವಿಝರ್ಡ್ ಆ ಕ್ಷಣವೇ ಕೌಂಟರ್‌ಸ್ಪೆಲ್‌ನಿಂದ ಅದನ್ನು ಮುರಿಯಬಲ್ಲ. ಕಾವಲುಗಾರರ ಕೈ ಕತ್ತಿಗೆ ಹೋಗುತ್ತದೆ.

ಒಂದು ಪಾಯಿಂಟ್ ಕೊಟ್ಟು ಮೌನವಾಗಿ ಹಾಕಿದರೆ ನೀವು ಸುಮ್ಮನೆ ನಿಂತಿರುವಂತೆ ಕಾಣುತ್ತದೆ. ಎದುರಿನವನು ಮಂತ್ರ ಹಾಕುವುದು ಕಣ್ಣಿಗೆ ಬಿದ್ದರೆ ಮಾತ್ರ ಕೌಂಟರ್‌ಸ್ಪೆಲ್ ಹೂಡಬಹುದು, ಇಲ್ಲಿ ಕಾಣಲು ಏನೂ ಇಲ್ಲ. 2017ರ ಪೂರಕ ಪುಸ್ತಕವೊಂದು ಇದನ್ನು ಬಿಡಿಸಿ ಹೇಳಿತು: ಮಾತು, ಸನ್ನೆ, ಸಾಮಗ್ರಿ ಮೂರರಲ್ಲಿ ಒಂದಾದರೂ ಇದ್ದರೆ ಮಾತ್ರ ಪ್ರಯೋಗ ಬೇರೆಯವರ ಅರಿವಿಗೆ ಬರುತ್ತದೆ. 2024ರಲ್ಲಿ ಕೌಂಟರ್‌ಸ್ಪೆಲ್‌ನ ವಿವರಣೆಯಲ್ಲೇ ಆ ಮಾತು ಸೇರಿತು.

ಇನ್ನು ಮಂತ್ರಿಯ ಸರದಿ. ನಿಮ್ಮ ಮಂತ್ರದ ಬಿಗಿ, ಅಂದರೆ ಪಾರಾಗಲು ಅವನು ಮುಟ್ಟಬೇಕಾದ ಅಂಕ, 13 ಎಂದಿರಲಿ, ಅವನ ವಿವೇಕದಿಂದ ದಾಳದ ಅಂಕಕ್ಕೆ 1 ಸೇರುತ್ತದೆ ಎಂದಿರಲಿ. ಇಪ್ಪತ್ತು ಮುಖದ ದಾಳದಲ್ಲಿ 12 ಅಥವಾ ಹೆಚ್ಚು ಬಿದ್ದರೆ ಅವನು ಪಾರು. ಅಂದರೆ ನೂರಕ್ಕೆ 45 ಸಲ ಮಂತ್ರ ವಿಫಲವಾಗುತ್ತದೆ. ಮೌನ ಈ ಲೆಕ್ಕವನ್ನು ಒಂದಿಷ್ಟೂ ಬದಲಿಸುವುದಿಲ್ಲ. ವಿಫಲವಾದರೂ ಯಾರಿಗೂ ತಿಳಿಯುವುದಿಲ್ಲ ಎಂಬುದೊಂದೇ ಲಾಭ, ರಾಜಕೀಯದ ಸನ್ನಿವೇಶದಲ್ಲಿ ಅದು ಸಣ್ಣದಲ್ಲ. ಫಲಿಸಿದರೆ? ಗಂಟೆ ಮುಗಿದ ಕೂಡಲೇ ತನ್ನನ್ನು ಮರುಳು ಮಾಡಿದವರು ನೀವೇ ಎಂದು ಮಂತ್ರಿಗೆ ಗೊತ್ತಾಗುತ್ತದೆ. ಸಟಲ್ ಸ್ಪೆಲ್ ಮುಚ್ಚಿಡುವುದು ಪ್ರಯೋಗವನ್ನು, ಪರಿಣಾಮವನ್ನಲ್ಲ. ಬೆಂಕಿಯುಂಡೆಗೂ ಇದೇ ಮಾತು ಅನ್ವಯಿಸುತ್ತದೆ. ನಿಮ್ಮ ಬೆರಳಿನಿಂದ ಹೊಳೆಯುವ ಗೆರೆ ಹೊರಟದ್ದನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

## ಬಾಯಿ ಕಟ್ಟುವ ಗೇಮ್‌ಗಳು

ವಿಡಿಯೊ ಗೇಮ್‌ಗಳಲ್ಲಿ ಆಟಗಾರ ಒತ್ತುವುದು ಗುಂಡಿ, ಹೇಳುವ ಮಾತು ಯಾವುದೂ ಇಲ್ಲ. ಆದರೂ ‘ಸೈಲೆನ್ಸ್’ ಎಂಬ ದಂಡನೆ ಅಲ್ಲಿಯೂ ಉಳಿದುಕೊಂಡಿದೆ. 1987ರ ಮೊದಲ ‘ಫೈನಲ್ ಫ್ಯಾಂಟಸಿ’ಯಲ್ಲೇ ಮಾಂತ್ರಿಕರ ಬಾಯಿ ಕಟ್ಟುವ ಮಂತ್ರ ಇತ್ತು. ‘ಡೋಟಾ 2’ರಲ್ಲಿ ಸೈಲೆನ್ಸರ್ ಎಂಬ ಪಾತ್ರವೇ ಇದೆ. ಅವನ ‘ಗ್ಲೋಬಲ್ ಸೈಲೆನ್ಸ್’ ಬಿದ್ದಾಗ ಎದುರು ತಂಡದ ಐವರೂ ನಕ್ಷೆಯ ಯಾವ ಮೂಲೆಯಲ್ಲಿದ್ದರೂ ಕೆಲ ಕ್ಷಣ ತಮ್ಮ ವಿಶೇಷ ಶಕ್ತಿಗಳನ್ನು ಬಳಸಲಾರರು. ಓಡಬಹುದು, ಹೊಡೆಯಬಹುದು, ಜೊತೆಗಿರುವ ವಸ್ತುಗಳನ್ನು ಬಳಸಬಹುದು, ಮಂತ್ರ ಮಾತ್ರ ಇಲ್ಲ. ಕತ್ತಿ ಹಿಡಿದವನಿಗಿಂತ ಮಂತ್ರ ನಂಬಿದವನಿಗೆ ಇದರ ಏಟು ಜಾಸ್ತಿ. ಎಲ್ಲ ಬಗೆಯ ಪಾತ್ರಗಳಿಗೂ ಆಟದಲ್ಲಿ ಬೆಲೆ ಉಳಿಯಲಿ ಎಂದೇ ವಿನ್ಯಾಸಕರು ಇದನ್ನು ಇಟ್ಟುಕೊಂಡಿದ್ದಾರೆ.

2011ರ ‘ಸ್ಕೈರಿಮ್’ನಲ್ಲಿ ಮೌನ ಒಂದು ಸೌಲಭ್ಯ. ಭ್ರಮೆಯ ವಿದ್ಯೆಯಲ್ಲಿ 50ನೆಯ ಮಟ್ಟ ಮುಟ್ಟಿದವರು ‘ಕ್ವೈಟ್ ಕಾಸ್ಟಿಂಗ್’ ಪಡೆಯಬಹುದು. ಆಮೇಲೆ ಅವರ ಮಂತ್ರಗಳ ಸದ್ದು ಬೇರೆಯವರಿಗೆ ಕೇಳಿಸುವುದಿಲ್ಲ, ಕತ್ತಲಲ್ಲಿ ಅಡಗಿ ನಡೆಯುವವರಿಗೆ ಬಲು ಉಪಕಾರ. ಅದೇ ಆಟದಲ್ಲಿ ಕೂಗನ್ನೇ ಆಯುಧ ಮಾಡಿಕೊಂಡ ಗ್ರೇಬಿಯರ್ಡ್ ಎಂಬ ಸನ್ಯಾಸಿಗಳೂ ಇದ್ದಾರೆ. ಅವರು ಪಿಸುಗುಟ್ಟಿದರೂ ನೆಲ ನಡುಗುತ್ತದೆ, ಅದಕ್ಕಾಗಿ ಮಠದಲ್ಲಿ ಒಬ್ಬರೇ ಮಾತಾಡುತ್ತಾರೆ. ಅರ್ಥ್‌ಸೀಯಂತೆ ಇಲ್ಲಿಯೂ ಶಕ್ತಿ ಇರುವುದು ಮಾತಿನಲ್ಲೇ, ಆದ್ದರಿಂದಲೇ ಅವರ ಮೌನ.

## ಮಾತು ಬಾರದವರು ಮಾಂತ್ರಿಕರಾಗಬಹುದೇ?

ಆಟದ ಮೇಜಿಗೆ ಈ ಪ್ರಶ್ನೆ ನಿಜವಾಗಿಯೂ ಬರುತ್ತದೆ. ಕೆಲವೊಮ್ಮೆ ಪಾತ್ರಕ್ಕೆ ಮಾತಿಲ್ಲ, ಕೆಲವೊಮ್ಮೆ ಆಡುವವರಿಗೇ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಮೂರನೆಯ ಆವೃತ್ತಿಯಲ್ಲಿ ಕಿವಿ ಕೇಳಿಸದ ಮಾಂತ್ರಿಕನ ಮಾತಿನ ಮಂತ್ರಗಳು ನೂರಕ್ಕೆ 20 ಸಲ ತಪ್ಪುತ್ತಿದ್ದವು. ಐದನೆಯ ಆವೃತ್ತಿಯಲ್ಲಿ ಆ ದಂಡ ಇಲ್ಲ, ಕಿವಿ ಕೇಳಿಸದಿದ್ದರೂ ಮಂತ್ರ ಹಾಕಬಹುದು. ದನಿಯೇ ಇಲ್ಲದ ಪಾತ್ರಕ್ಕೆ ಮಾತ್ರ ನಿಯಮದ ಅಕ್ಷರ ಅಡ್ಡ ನಿಲ್ಲುತ್ತದೆ.

ಮಾತಿನ ಕೆಲಸ ಏನು ಎಂದು ಗೊತ್ತಿರುವವರಿಗೆ ದಾರಿ ಕಾಣದೆ ಇರದು. ಆಟದಲ್ಲಿ ಮಾತು ಇರುವುದು ಎದುರಾಳಿಗೆ ಸುಳಿವು ಸಿಗಲೆಂದು, ಮಾಂತ್ರಿಕನನ್ನು ತಡೆಯಲು ಒಂದು ಉಪಾಯ ಇರಲೆಂದು. ಮಂತ್ರವನ್ನು ಸನ್ನೆಭಾಷೆಯಲ್ಲಿ ಹೇಳುವ ಪಾತ್ರವೂ ಈ ಎರಡನ್ನೂ ಪೂರೈಸುತ್ತದೆ. ಕೈ ಎಲ್ಲರಿಗೂ ಕಾಣುತ್ತದೆ, ಕೈ ಕಟ್ಟಿದರೆ ಮಂತ್ರ ನಿಲ್ಲುತ್ತದೆ. ಹೀಗೆ ಒಪ್ಪಿಕೊಂಡ ಗುಂಪು ಇನ್ನೆರಡು ವಿಷಯಗಳನ್ನು ಆಟ ಶುರುವಾಗುವ ಮುಂಚೆಯೇ ತೀರ್ಮಾನಿಸಿಕೊಳ್ಳಬೇಕು. ಸೈಲೆನ್ಸ್ ಗೋಳದೊಳಗೆ ಈ ಪಾತ್ರ ಮಂತ್ರ ಹಾಕಬಹುದೇ? ಹಾಕಬಹುದು ಎಂದಾದರೆ, ಕೈ ಕಟ್ಟಿಸಿಕೊಂಡಾಗ ಉಳಿದವರಿಗೆ ಒದಗಿಬರುವ ಮಿಸ್ಟಿ ಸ್ಟೆಪ್ ಇವರಿಗೆ ಒದಗದು ಎಂಬ ಷರತ್ತಿಗೆ ಆಡುವವರು ಒಪ್ಪುತ್ತಾರೆಯೇ?